ಪ್ಯಾರಾಚೂಟ್ ಬಟ್ಟೆ ಮತ್ತು ಮೈಸೂರಿನ ರೇಷ್ಮೆನೂಲು

ಎರಡನೆಯ ಮಹಾಯುದ್ಧದ ಆರಂಭದವರೆಗೆ ಪ್ಯಾರಾಚೂಟಿನ ಕೊಡೆಗೆ ರೇಷ್ಮೆಬಟ್ಟೆಯೇ ಮುಖ್ಯ ಆಧಾರವಾಗಿತ್ತು. ಕಚ್ಚಾ ರೇಷ್ಮೆಯ ಬಹುಭಾಗ ಜಪಾನಿನಿಂದ ಬರುತ್ತಿತ್ತು. 1941ರಲ್ಲಿ ಆ ಪೂರೈಕೆ ನಿಂತಾಗ ಮೈಸೂರು ಸಂಸ್ಥಾನದ ನೂಲಿಗೆ ಬೇಡಿಕೆ ಹೆಚ್ಚಿತು.

ಎಲ್ಲ ನೂಲೂ ಈ ಕೆಲಸಕ್ಕೆ ಒದಗುವಂತಿರಲಿಲ್ಲ. ಮನೆಯ ಚರಕದಲ್ಲಿ ಬಿಚ್ಚಿದ ನೂಲು ಒಂದೆಡೆ ದಪ್ಪ, ಇನ್ನೊಂದೆಡೆ ತೆಳು. ಸೀರೆಯಲ್ಲಿ ಇದು ದೋಷವೆನಿಸದು. ಕೆಲವೊಮ್ಮೆ ಸೊಗಸೂ ಹೌದು. ಪ್ಯಾರಾಚೂಟಿನಲ್ಲಿ ಹಾಗಲ್ಲ. ಕೊಡೆ ಬಿಚ್ಚಿಕೊಳ್ಳುವ ಕ್ಷಣದ ಜಗ್ಗಾಟವು ದುರ್ಬಲ ಎಳೆಯನ್ನೇ ಮೊದಲು ಕಡಿಯುತ್ತದೆ. ಅಲ್ಲಿನ ಹರಕು ಹಬ್ಬಿದರೆ ಜಿಗಿದವನ ಪ್ರಾಣಕ್ಕೇ ಸಂಚಕಾರ. ಹಾಸುಹೊಕ್ಕುಗಳ ದಟ್ಟಣೆಯೂ ಸಮವಾಗಿರಬೇಕು. ಬಟ್ಟೆಯ ಮೂಲಕ ಸೋಸಿಹೋಗುವ ಗಾಳಿಯ ಪ್ರಮಾಣವನ್ನು ಅವಲಂಬಿಸಿ ಇಳಿಯುವ ವೇಗ ಬದಲಾಗುತ್ತದೆ. ಆದ್ದರಿಂದಲೇ ಸಮನಾದ ಫಿಲೇಚರ್ ನೂಲಿಗೆ ಪ್ರಾಶಸ್ತ್ಯ ದೊರೆಯಿತು. ತಲೆಮಾರುಗಳ ಕೈಚಳಕ ಈ ಒಂದು ಅಳತೆಯಲ್ಲಿ ಸೋತಿತೆಂಬುದನ್ನು ಕೈಕಸುಬುಗಳ ಅಧ್ಯಯನವು ಮರೆಮಾಚಬೇಕಾದುದಿಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿ ಬೇರೆ ದಾರಿ ತೆರೆದಿತ್ತು. ಡ್ಯುಪಾಂಟ್ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕರೋಥರ್ಸ್ 1935ರಲ್ಲಿ ರೂಪಿಸಿದ ನೈಲಾನಿನಿಂದ ಮಾಡಿದ ಪ್ಯಾರಾಚೂಟಿನೊಡನೆ 1942ರ ಜೂನ್‌ನಲ್ಲಿ ಅಡಲೀನ್ ಗ್ರೇ ಎಂಬ ಮಹಿಳೆ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ವಿಮಾನದಿಂದ ಜಿಗಿದು ಸುರಕ್ಷಿತವಾಗಿ ಇಳಿದರು. ರೇಷ್ಮೆಯನ್ನು ಕಾಡುವ ಬೂಷ್ಟಿನ ಭಯ ನೈಲಾನಿಗೆ ಕಡಿಮೆ. ಹಿಗ್ಗುವ ಗುಣದಿಂದ ಅದು ಜಗ್ಗಾಟವನ್ನೂ ತಾಳಿಕೊಳ್ಳುತ್ತದೆ. ಮುಂದೆ, ನಡುನಡುವೆ ದಪ್ಪ ಎಳೆಗಳನ್ನು ಚೌಕಳಿಯಾಗಿ ಸೇರಿಸಿ ನೇಯುವ ರಿಪ್‌ಸ್ಟಾಪ್ ಕ್ರಮವು ಹರಕು ಚೌಕದ ಗಡಿ ದಾಟಿ ಹಬ್ಬದಂತೆ ತಡೆಯಿತು. ಬಿಸಿಲಿಗೆ ಮಾತ್ರ ನೈಲಾನೂ ರೇಷ್ಮೆಯಂತೆಯೇ ಸೊರಗುತ್ತದೆ.

ಯುದ್ಧಾನಂತರ ಮೈಸೂರಿನ ನೂಲು ಸೀರೆಯ ಮಗ್ಗಕ್ಕೆ ಮರಳಿತು. ಏರಿಳಿತದ ನೂಲು ಬಿಚ್ಚುವ ಚರಕಗಳೂ ಅಲ್ಲಿ ಕೆಲಸ ಕಳೆದುಕೊಳ್ಳಲಿಲ್ಲ.