ಎಡಗಾಲಿಗೆ ರಜೆ ಕೊಟ್ಟ ಗೇರ್ ಬಾಕ್ಸಿನ ಕಥೆ

ಬ್ಯಾಂಕಿನಿಂದ ಘೋಡ್‌ಬಂದರ್ ರಸ್ತೆಯ ಮನೆಗೆ ಬರುವಷ್ಟರಲ್ಲಿ ಎಷ್ಟು ಸಲ ಕ್ಲಚ್ ತುಳಿಯುತ್ತೇನೆ ಅಂತ ಒಂದು ಸಂಜೆ ಎಣಿಸಲು ಹೊರಟೆ. ಇನ್ನೂರು ದಾಟಿದ ಮೇಲೆ ಲೆಕ್ಕ ತಪ್ಪಿತು. ಲೆಕ್ಕದವನೇ ಲೆಕ್ಕ ತಪ್ಪಿದರೆ ಹೇಗೆ ಅಂತ ಮನೆಯವಳು ನಕ್ಕಳು. ಎಡ ಮೊಣಕಾಲು ಮಾತ್ರ ನಗಲಿಲ್ಲ.

ಆ ನೋವಿನಲ್ಲಿದ್ದಾಗಲೇ ಅಮೆರಿಕದ ಮಿಶಿಗನ್‌ನಲ್ಲಿರುವ ನನ್ನ ಷಡ್ಡಕನ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಅಜ್ಜನಿಗೆ ಎಪ್ಪತ್ತು ದಾಟಿದೆ. ಅವರ ಹತ್ತಿರ ತಂದೆಯ ಕಾಲದ 1951ರ ಶೆವರ್ಲೆ ಪಿಕಪ್ ಇದೆ. ಮೂರು ಗೇರು, ಗೇರಿನ ಹಿಡಿ ಸ್ಟೀರಿಂಗ್ ಪಕ್ಕದಲ್ಲೇ. 2023ರಲ್ಲಿ ಮುಂಬಯಿ ಬೀದಿಯಿಂದ ಮರೆಯಾದ ನಮ್ಮ ಪದ್ಮಿನಿ ಟ್ಯಾಕ್ಸಿಯಲ್ಲಿ ಇದ್ದ ಹಾಗೆ! ಅಜ್ಜನ ಎಡ ಮಂಡಿಗೆ ಆಪರೇಷನ್ ಆದ ಮೇಲೆ ಗಾಡಿ ಶೆಡ್ಡು ಸೇರಿತ್ತು. ಮಾರಬೇಕು, ಇಲ್ಲವೇ ಆಟೋಮ್ಯಾಟಿಕ್ ಮಾಡಿಸಬೇಕು. ಅವರು ಎರಡನೆಯದನ್ನು ಆರಿಸಿಕೊಂಡರು. ಹಳೆ ಗಾಡಿಯ ಗೆಳೆಯರೆಲ್ಲ "ಜೀವ ತೆಗೆದೆಯಲ್ಲ" ಅಂತ ಬೈದರಂತೆ.

ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಟೋಮ್ಯಾಟಿಕ್ ಅಂದರೆ ಸೋಮಾರಿ ಶ್ರೀಮಂತರದು ಅಂತ ನಾವೆಲ್ಲ ತಿಳಿದುಕೊಂಡವರು ತಾನೆ? ವಾಪಸು ಬಂದ ಮೇಲೆ ಅದರ ಚರಿತ್ರೆ ಓದುತ್ತಾ ಕೂತೆ. ಅಲ್ಲಿ ಕಂಡದ್ದು ಬೇರೆಯೇ.

ಮೂಲ ಉಪಾಯ ಹಡಗಿನದು. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದರು. ಎರಡು ಫ್ಯಾನುಗಳನ್ನು ಎದುರುಬದುರು ಇಡಿ, ಒಂದಕ್ಕೆ ಮಾತ್ರ ಸ್ವಿಚ್ ಹಾಕಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆಯಂಥ ದ್ರವ ಇದ್ದರೆ ಆಯಿತು, ಗಾಡಿ ನಿಂತರೂ ಎಂಜಿನ್ ನಿಲ್ಲುವುದಿಲ್ಲ, ಕ್ಲಚ್ ತುಳಿಯುವ ಕೆಲಸವೇ ಇಲ್ಲ. ಜನರಲ್ ಮೋಟಾರ್ಸ್ ಕಂಪನಿ ಇದಕ್ಕೆ ತಾವಾಗಿಯೇ ಬದಲಾಗುವ ನಾಲ್ಕು ಗೇರು ಸೇರಿಸಿ 'ಹೈಡ್ರಾಮ್ಯಾಟಿಕ್' ಎಂದು ಹೆಸರಿಟ್ಟಿತು. 1939ರ ಕೊನೆಗೆ, 1940ರ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಅದು ಬಂತು. ಹೆಚ್ಚಿನ ಬೆಲೆ ಕೇವಲ 57 ಡಾಲರ್. ಆ ಕೆಲಸದ ಮುಂದಾಳು ಅರ್ಲ್ ಥಾಂಪ್ಸನ್. ಗೇರು ಕರಕರ ಅನ್ನದೆ ಬೀಳುವ ಹಾಗೆ ಮಾಡಿದ, 1928ರಲ್ಲಿ ಕ್ಯಾಡಿಲಾಕ್‌ಗೆ ಬಂದ ಸಿಂಕ್ರೋಮೆಶ್ ಕೂಡ ಅವರದೇ. ಅಂದರೆ ಕೈಗೇರನ್ನು ಹಗುರ ಮಾಡಿದವರೇ ಆಮೇಲೆ ಅದನ್ನು ಬೇಡವಾಗಿಸಿದರು!

ಅಷ್ಟರಲ್ಲಿ ಯುದ್ಧ. ಕಾರು ತಯಾರಿಕೆ 1942ರಲ್ಲಿ ನಿಂತಿತು, ಆದರೆ ಹೈಡ್ರಾಮ್ಯಾಟಿಕ್ ನಿಲ್ಲಲಿಲ್ಲ. ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕಿನಲ್ಲಿ ಎರಡು ಕ್ಯಾಡಿಲಾಕ್ ಎಂಜಿನ್, ಎರಡಕ್ಕೂ ಒಂದೊಂದು ಹೈಡ್ರಾಮ್ಯಾಟಿಕ್. ಟ್ಯಾಂಕಿನಲ್ಲೇ ತಡೆದುಕೊಂಡದ್ದು ಕಾರಿನಲ್ಲಿ ಕೆಡುತ್ತದೆಯೇ ಅಂತ ಯುದ್ಧ ಮುಗಿದ ಮೇಲೆ ಜನರ ಅನುಮಾನ ಹೋಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನದು. ಯುದ್ಧದಿಂದ ಕಾಲು ಕಳೆದುಕೊಂಡು ಬಂದ ಹುಡುಗರು ಸಾವಿರಾರು. ಅಮೆರಿಕದ ಸಂಸತ್ತು 1946ರ ಆಗಸ್ಟ್‌ನಲ್ಲಿ ಒಂದು ಕಾನೂನು ಮಾಡಿತು. ಯುದ್ಧದಲ್ಲಿ ಕಾಲು ಹೋದ, ಅಥವಾ ಕಾಲಿನ ಸ್ವಾಧೀನ ತಪ್ಪಿದ ಸೈನಿಕರಿಗೆ ಕಾರು ಕೊಳ್ಳಲು 1,600 ಡಾಲರ್‌ವರೆಗೆ ಸರಕಾರವೇ ಕೊಡುತ್ತದೆ. ಸಾಲ ಅಲ್ಲ ಸ್ವಾಮಿ, ಅನುದಾನ! ಮೂವತ್ತು ವರ್ಷ ಸಾಲದ ಕಾಗದ ನೋಡಿದವನಿಗೆ ಆ ಅಂಕಿಯ ಬೆಲೆ ಗೊತ್ತಾಗುತ್ತದೆ. ಆ ಹುಡುಗರಿಗೆ ಎಡಗಾಲಿನ ಕೆಲಸ ತಪ್ಪಿಸುವ ಗೇರ್ ಬಾಕ್ಸ್ ಶೋಕಿಯಲ್ಲ, ಒಬ್ಬರೇ ಕೆಲಸಕ್ಕೆ ಹೋಗಿ ಬರುವ ದಾರಿ.

ಪಿಕಪ್‌ಗಳಿಗೆ ಇದು ಬಂದದ್ದು ತಡವಾಗಿ. ಫೋರ್ಡ್ ಎಫ್-100ಕ್ಕೆ 1953, ಶೆವರ್ಲೆಗೆ 1954. ಹೊಲದ ಗಾಡಿಗೆ ಯಾರು ದುಡ್ಡು ಹೆಚ್ಚು ಕೊಡುತ್ತಾರೆ ಅನ್ನುವ ಲೆಕ್ಕಾಚಾರ ಇದ್ದೀತು. ನಡುವೆ ದೊಡ್ಡ ಅನಾಹುತವೂ ಆಯಿತು. ಲಿವೋನಿಯಾದ ಹೈಡ್ರಾಮ್ಯಾಟಿಕ್ ಕಾರ್ಖಾನೆ 1953ರ ಆಗಸ್ಟ್ 12ರಂದು ವೆಲ್ಡಿಂಗ್ ಕಿಡಿಯಿಂದ ಹೊತ್ತಿ ಪೂರಾ ಸುಟ್ಟಿತು. ಅಷ್ಟು ದೊಡ್ಡ ಕಟ್ಟಡದೊಳಗೆ ಬೆಂಕಿ ತಡೆಯುವ ಗೋಡೆಗಳೇ ಇರಲಿಲ್ಲ. ಕಂಪನಿ ಹತ್ತಿರದ ವಿಲ್ಲೋ ರನ್‌ಗೆ, ಯುದ್ಧಕಾಲದಲ್ಲಿ ಫೋರ್ಡ್ ಬಾಂಬರ್ ವಿಮಾನ ಕಟ್ಟಿದ ಕಾರ್ಖಾನೆಗೆ ಹೋಗಿ, ಮೂರು ತಿಂಗಳೊಳಗೆ ಮತ್ತೆ ಗೇರ್ ಬಾಕ್ಸ್ ಮಾಡತೊಡಗಿತು. ಷಡ್ಡಕನ ಮನೆಯಿಂದ ಅದು ದೂರವೇನಲ್ಲ.

ಈಗ ಅಜ್ಜನ ಗಾಡಿಗೆ ಬರೋಣ. ಅವರು ಹಾಕಿಸಿದ್ದು 1969ರ ಮಾದರಿಗಳಲ್ಲಿ ಬಂದ ಟರ್ಬೊ ಹೈಡ್ರಾಮ್ಯಾಟಿಕ್ 350. ಒಂದನ್ನು ತೆಗೆದು ಇನ್ನೊಂದು ಕೂರಿಸಿದರಾಯಿತು ಅಂದುಕೊಂಡಿದ್ದೆ. ಅಲ್ಲವೇ ಅಲ್ಲ! ಹಳೆ ಎಂಜಿನ್ನಿಗೂ ಹೊಸ ಪೆಟ್ಟಿಗೆಗೂ ಬೋಲ್ಟಿನ ತೂತು ಹೊಂದುವುದಿಲ್ಲ, ನಡುವೆ ಒಂದು ಅಡಾಪ್ಟರ್ ಪ್ಲೇಟು. ಭಾರದ ಫ್ಲೈವೀಲ್ ಹೋಗಿ ತೆಳ್ಳಗಿನ ಫ್ಲೆಕ್ಸ್‌ಪ್ಲೇಟ್. ಎಣ್ಣೆ ಕಾಯುವುದರಿಂದ ಅದನ್ನು ತಣಿಸಲು ಕೂಲರು, ಪೈಪು. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗಿ ಮುಂದೆ ನುಗ್ಗದಂತೆ ಒಂದು ಸ್ವಿಚ್ಚು. ಎಲ್ಲಕ್ಕಿಂತ ದೊಡ್ಡ ತಲೆನೋವು ಹಿಂದಿನ ಚಕ್ರದ್ದು. ಆ ಕಾಲದ ಶೆವರ್ಲೆ ಪಿಕಪ್‌ನಲ್ಲಿ ತಿರುಗುವ ಶಾಫ್ಟು ಒಂದು ಕೊಳವೆಯೊಳಗೆ ಮುಚ್ಚಿಕೊಂಡು ಹಿಂದಿನ ಆಕ್ಸಲ್‌ಗೇ ಸೇರಿರುತ್ತದೆ. ಹೊಸ ಪೆಟ್ಟಿಗೆಗೆ ಅದು ಒಗ್ಗದು, ಆಕ್ಸಲನ್ನೇ ಬದಲಿಸಬೇಕಾಯಿತು. ಕಾಲಿಗೆ ಮಾಡಿದ ಔಷಧ ಸೊಂಟದವರೆಗೂ ಹೋಯಿತು ನೋಡಿ.

ಎಂಜಿನ್ ಮಾತ್ರ ಅದೇ, ತಂದೆ ಓಡಿಸಿದ್ದೇ. ಅಜ್ಜ ನನ್ನನ್ನು ಕೂರಿಸಿಕೊಂಡು ಜೋಳದ ಹೊಲಗಳ ನಡುವೆ ಒಂದು ಸುತ್ತು ಹಾಕಿದರು. ಎಡಗಾಲು ಚಾಚಿ ಆರಾಮಾಗಿ ಇಟ್ಟಿದ್ದರು. ಆದರೂ ಪ್ರತಿ ತಿರುವಿನಲ್ಲಿ ಅದು ಸುಮ್ಮನೆ ಒಮ್ಮೆ ಮೇಲೆದ್ದು ಮತ್ತೆ ಕೆಳಗಿಳಿಯುತ್ತಿತ್ತು, ಇಲ್ಲದ ಕ್ಲಚ್ಚನ್ನು ಹುಡುಕಿದ ಹಾಗೆ.

ಶೆಡ್ಡಿನಲ್ಲಿ ಹಳೆ ಗೇರ್ ಬಾಕ್ಸ್, ಕೊಳವೆ, ಆಕ್ಸಲ್, ಕ್ಲಚ್ ಪೆಡಲ್ ಎಲ್ಲ ಎಣ್ಣೆ ಸವರಿ ತಾಡಪಾಲಿನಲ್ಲಿ ಸುತ್ತಿಟ್ಟಿದ್ದಾರೆ. ಒಂದೊಂದು ಬೋಲ್ಟಿಗೂ ಚೀಟಿ. ಮಗನಿಗೆ ಬೇಕಾದರೆ ಮತ್ತೆ ಮೊದಲಿನ ಹಾಗೆ ಜೋಡಿಸಿಕೊಳ್ಳಲಿ ಅಂತ. ಮಗನಿಗೆ ಕ್ಲಚ್ ಗಾಡಿ ಓಡಿಸಲು ಬರುತ್ತದೆಯೇ ಅಂತ ನಾನು ಕೇಳಲಿಲ್ಲ.