ಹಳೇ ಕಂಪ್ಯೂಟರ್ ಹೊಸದಕ್ಕೆ ಯಾಕೆ ಕಾಣಿಸುವುದಿಲ್ಲ?

ಮನೆಯಲ್ಲಿ ಎರಡು ಕಂಪ್ಯೂಟರ್, ಒಂದೇ ರೂಟರ್. ಕೇಬಲ್ ಸರಿ, ಪಾಸ್‌ವರ್ಡ್ ಸರಿ. ಆದರೂ ಹೊಸ ವಿಂಡೋಸಿಗೆ ಹಳೇ ಎಕ್ಸ್‌ಪಿ ಕಾಣಿಸುವುದಿಲ್ಲ. ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ಏನೂ ಕೆಟ್ಟಿಲ್ಲ, ಇದು ಬೇಕೆಂದೇ ಮುಚ್ಚಿದ ಬಾಗಿಲು.

ಫೈಲ್ ಹಂಚಿಕೊಳ್ಳಲು ಇವು ಬಳಸುವ ಭಾಷೆ ಎಸ್‌ಎಂಬಿ. 1980ರ ದಶಕದ ಆರಂಭದಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ಇದನ್ನು ರೂಪಿಸಿದರು. ಆಗ ನೆಟ್‌ವರ್ಕ್ ಅಂದರೆ ಒಂದೇ ಕಚೇರಿಯ ಪರಿಚಿತರು, ಅನುಮಾನಕ್ಕೆ ಜಾಗವಿರಲಿಲ್ಲ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಇದೇ ಭಾಷೆಯನ್ನು ಯುನಿಕ್ಸಿಗೂ ಕಲಿಸಿದರು. ಎಸ್, ಎಂ, ಬಿ ಮೂರೂ ಇರುವ ಪದ ಹುಡುಕಿ ಅವರು ಇಟ್ಟ ಹೆಸರು ಸಾಂಬಾ. ನಮ್ಮ ಸಾಂಬಾರಿಗೂ ಅದಕ್ಕೂ ಸಂಬಂಧವಿಲ್ಲ :-)

ವಿಸ್ತಾದ ಜೊತೆ ಎರಡನೇ ಆವೃತ್ತಿ ಬಂತು. ಎಕ್ಸ್‌ಪಿ ಮೊದಲನೆಯದರಲ್ಲೇ ಉಳಿಯಿತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಆ ಮೊದಲ ಆವೃತ್ತಿಯ ತೂತಿನಿಂದಲೇ ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾಯಿತು. ಅದೇ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ವಿಂಡೋಸ್ 10ರಿಂದ ಅದನ್ನು ತೆಗೆಯತೊಡಗಿತು.

"ಅದನ್ನು ಮತ್ತೆ ಆನ್ ಮಾಡಿ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಎಕ್ಸ್‌ಪಿಯಲ್ಲಿರುವ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಅದನ್ನು ನೆಟ್‌ವರ್ಕಿನಿಂದ ಬಿಡಿಸಿಬಿಡಿ.