ಗಣಕಲೇಖನದಲ್ಲಿ ‘ಬೇಗೂರು’ ಶಬ್ದದ ದ್ವಿರೂಪವಿಚಾರ

ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1898 ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಪ್ರಾಚೀನ ಶಾಸನಲಿಪಿಯಲ್ಲಿ ಎಕಾರ ಏಕಾರಗಳಿಗೆ ಸಾಮಾನ್ಯವಾಗಿ ಚಿಹ್ನಾಭೇದವಿರಲಿಲ್ಲವೆಂಬುದು ಲಿಪಿಜ್ಞರಿಗೆ ವಿದಿತವೇ ಆಗಿದೆ. ಆ ತಾಲ್ಲೂಕಿನ ಹೋಬಳಿಯಾದ ಬೇಗೂರಿನ ಹೆಸರಿನ ಆದ್ಯಕ್ಷರದಲ್ಲಿ ಈಗ ಕಾಣುವ ದೀರ್ಘಚಿಹ್ನೆಯು ಕಾಲಾಂತರದಲ್ಲಿ ಎತ್ವದ ಮುಂದೆ ಸೇರಿದುದು. ಈ ಸೇರ್ಪಡೆಯ ಗುರುತು ಗಣಕದ ಸಂಕೇತಕ್ರಮದಲ್ಲಿಯೂ ಉಳಿದುಬಂದಿದೆ.

1991 ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಕ್ರಮವು ಕನ್ನಡಕ್ಕೆ 3200 ರಿಂದ 3327 ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿದೆ. ಅದರಲ್ಲಿ ಏತ್ವಕ್ಕೆ 3271 ಎಂಬ ಒಂದೇ ಸಂಖ್ಯೆಯುಂಟು; ಎತ್ವದ 3270 ಮತ್ತು ದೀರ್ಘದ 3285 ಕೂಡಿದರೂ ಅದೇ ಏತ್ವವು ಸಿದ್ಧಿಸುವುದು. ಇವೆರಡೂ ಸಮಾನವೆಂಬುದು ಯೂನಿಕೋಡಿನ ವಿಧಿ. ಆದರೆ ಡೇಟಾಬೇಸ್ ಎಂಬ ದತ್ತಸಂಚಯಗಳು ಅನೇಕ ವೇಳೆ ಸಂಖ್ಯೆಗಳನ್ನಷ್ಟೇ ಹೋಲಿಸುವುವು. ಆಗ ಕಣ್ಣಿಗೆ ಒಂದೇ ಆದ ‘ಬೇಗೂರು’ ಒಂದೆಡೆ 6 ಸಂಕೇತಗಳ, ಇನ್ನೊಂದೆಡೆ 7 ಸಂಕೇತಗಳ ಭಿನ್ನಶಬ್ದವಾಗುತ್ತದೆ. ಒಂದನ್ನು ಹುಡುಕಿದರೆ ಮತ್ತೊಂದು ದೊರೆಯದು.

ಇದು ಕೇವಲ ಲಿಪಿಕುತೂಹಲದ ವಿಷಯವೆಂದು ಭಾವಿಸಲಾಗದು. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಸೇರಿಸಿತು. ಇಂತಹ ಮಹಾಸಂಚಯಗಳಲ್ಲಿ ಗ್ರಾಮದ ಹೆಸರಾಗಲಿ ಹಿಡುವಳಿದಾರನ ಹೆಸರಾಗಲಿ ದೊರೆಯದಿದ್ದರೆ, ಇರುವ ದಾಖಲೆಯನ್ನೇ ಇಲ್ಲವೆಂದು ತಿಳಿಯುವ ಪ್ರಮಾದ ಸಂಭವಿಸುವುದು.

ಇಲ್ಲಿಯ ದೋಷಗಳನ್ನು ಗ್ರಂಥಸಂಪಾದನೆಯ ಪರಿಭಾಷೆಯಿಂದಲೇ ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಅಪಪಾಠ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟುಗಳು ಬೇಕು. ಅವನ್ನು ರೋಮನ್ ಲಿಪಿಯ ಏಕಬೈಟು ಪಟ್ಟಿಯಂತೆ ಓದಿದರೆ 6 ಸಂಕೇತಗಳ ‘ಬೇಗೂರು’ 18 ವಿಚಿತ್ರಾಕ್ಷರಗಳಾಗುವುದು. ‘ನುಡಿ’, ‘ಬರಹ’ಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದುದು ಆ ವಿನ್ಯಾಸವಿಲ್ಲದೆಡೆ ರೋಮನ್ ಅಕ್ಷರಗಳಂತೆ ತೋರುವುದೂ ಈ ವರ್ಗಕ್ಕೇ ಸೇರಿದುದು. ಇಲ್ಲಿ ಮೂಲವು ಅಕ್ಷತವಾಗಿದೆ. ಓದುವ ಪಟ್ಟಿಯನ್ನು ಬದಲಿಸಿದರೆ ಸಾಕು. ಎರಡನೆಯದು ತ್ರುಟಿತ. ಕನ್ನಡಕ್ಕೆ ಎಡೆಯಿಲ್ಲದ ಅಂಕಣದಲ್ಲಿ ಪಾಠವನ್ನು ತುಂಬಿದಾಗ ಅಕ್ಷರಗಳಿಗೆ ಬದಲಾಗಿ ಪ್ರಶ್ನಾರ್ಥಕ ಚಿಹ್ನೆಗಳೇ ಶೇಖರವಾಗಬಹುದು. ಅವುಗಳಿಂದ ಮೂಲವನ್ನು ಊಹಿಸಲಾಗದು. ಕಾಗದದ ಪ್ರತಿಯನ್ನೋ ಹಿಂದೆ ತೆಗೆದಿಟ್ಟ ನಕಲನ್ನೋ ಆಶ್ರಯಿಸಬೇಕು. ಮೂರನೆಯದು ಪಾಠಾಂತರ, ಹಿಂದೆ ಹೇಳಿದ ದ್ವಿರೂಪವೇ ಇದು. ಹಳೆಯ ದಾಖಲೆಗಳನ್ನೂ ಹೊಸ ನಮೂದುಗಳನ್ನೂ ಹುಡುಕುವ ಶಬ್ದವನ್ನೂ ಏಕರೂಪಕ್ಕೆ ತಂದರೆ ಇದು ನಿವಾರಣೆಯಾಗುವುದು.

ಆದುದರಿಂದ ತೆರೆಯ ಮೇಲೆ ಕಂಡುದನ್ನು ನಂಬದೆ, ಶೇಖರವಾದ ಸಂಖ್ಯೆಗಳನ್ನೇ ಮೊದಲು ಪರೀಕ್ಷಿಸತಕ್ಕದ್ದು. ದೋಷದ ಜಾತಿಯನ್ನು ನಿರ್ಣಯಿಸದೆ ತಿದ್ದಲು ತೊಡಗಿದರೆ, ಉಳಿಸಬಹುದಾಗಿದ್ದ ಅಪಪಾಠವೇ ತ್ರುಟಿತವಾಗಿ ಪರಿಣಮಿಸುವುದು.